ಗ್ರಂಥಾಲಯದ ಜೋಕಾಲಿಗೆ ಹತ್ತು ಸಾವಿರ ಕಿಲೋಮೀಟರ್ ಆಚೆಯ ಕೈ

ಮನೆಯಲ್ಲಿ ಭೂಗೋಲವಿದ್ದರೆ ಒಮ್ಮೆ ಕೈಗೆತ್ತಿಕೊಳ್ಳಿ. ಆಫ್ರಿಕಾ ಖಂಡದ ಪಶ್ಚಿಮದ ಉಬ್ಬಿನ ಕೆಳಗೆ, ಗಿನಿ ಕೊಲ್ಲಿಯ ದಂಡೆಯ ಮೇಲೆ, ಶೂನ್ಯ ರೇಖಾಂಶಕ್ಕೆ ತೀರ ಸಮೀಪದಲ್ಲಿ ಅಕ್ರಾ ಎಂಬ ನಗರವಿದೆ. ಅದು ಘಾನಾ ದೇಶದ ರಾಜಧಾನಿ. ಈಗ ಉತ್ತರ ಅಮೆರಿಕಾ ಖಂಡಕ್ಕೆ ಬನ್ನಿ. ಕೆನಡಾ ದೇಶದ ಹೆಚ್ಚುಕಡಿಮೆ ನಡುಮಧ್ಯದಲ್ಲಿ ವಿನ್ನಿಪೆಗ್ ಎಂಬ ಊರು ಕಾಣುತ್ತದೆ. ಎರಡೂ ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಹಿಡಿದು ಅಳೆದರೆ ಸುಮಾರು 10,000 ಕಿಲೋಮೀಟರ್ ದೂರ ಬರುತ್ತದೆ. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಅಂದರೆ ಇವೆರಡು ಊರುಗಳು ಭೂಮಿಯ ಕಾಲು ಸುತ್ತಿನಷ್ಟು ದೂರದಲ್ಲಿವೆ.

ಜನವರಿ ತಿಂಗಳ ರಾತ್ರಿ ವಿನ್ನಿಪೆಗ್‌ನಲ್ಲಿ ಉಷ್ಣತೆ ಆಗಾಗ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುತ್ತದೆ. ಅದೇ ತಿಂಗಳ ಹಗಲು ಅಕ್ರಾದಲ್ಲಿ 30 ಡಿಗ್ರಿ ದಾಟುತ್ತದೆ. ಒಂದು ಕಡೆ ಹಿಮ, ಇನ್ನೊಂದು ಕಡೆ ಸಹಾರಾ ಮರುಭೂಮಿಯಿಂದ ಹೊರಟ ಹರ್ಮಟ್ಟಾನ್ ಗಾಳಿ ಹೊತ್ತು ತರುವ ಧೂಳು. ಇಷ್ಟು ಬೇರೆಯಾದ ಎರಡು ಊರುಗಳನ್ನು ಬೆಸೆದದ್ದು ಚಿನ್ನವಲ್ಲ, ಎಣ್ಣೆಯಲ್ಲ, ಯುದ್ಧವೂ ಅಲ್ಲ, ಮಕ್ಕಳ ಗ್ರಂಥಾಲಯ. ದೂರದಲ್ಲಿರುವ ಜನ ಒಂದು ಊರಿನ ಮಕ್ಕಳ ಗ್ರಂಥಾಲಯವನ್ನು ಉಳಿಸಬಲ್ಲರೇ? ಉಳಿಸುವುದಾದರೆ ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುವವರಿಗೆ ಅಕ್ರಾದ ಕಥೆ ಒಳ್ಳೆಯ ಪಾಠ.

ಮರದ ನೆರಳಿನಿಂದ ಕಬ್ಬಿಣದ ಪೆಟ್ಟಿಗೆಗೆ

ಕ್ಯಾಥಿ ನೋಲ್ಸ್ ಕೆನಡಾದ ಮಹಿಳೆ. ಪತಿಯ ಉದ್ಯೋಗದ ನಿಮಿತ್ತ ಕುಟುಂಬ ಅಕ್ರಾದಲ್ಲಿ ನೆಲೆಸಿದ್ದಾಗ, 1990ರಲ್ಲಿ ಆಕೆ ತಮ್ಮ ಮನೆಯಂಗಳದ ಮರದ ಕೆಳಗೆ ಕೂತು ಮಕ್ಕಳಿಗೆ ಕಥೆ ಓದಿ ಹೇಳತೊಡಗಿದರು. ಮೊದಲಿಗೆ ಕೇಳುಗರು ತಮ್ಮ ಮಕ್ಕಳು ಮತ್ತು ನೆರೆಹೊರೆಯ ಕೆಲವರು ಮಾತ್ರ. ಮಕ್ಕಳ ಲೋಕದಲ್ಲಿ ಸುದ್ದಿ ಹರಡಲು ಡಂಗುರ ಬೇಕಿಲ್ಲ. ವಾರ ವಾರಕ್ಕೂ ಕೇಳುಗರು ಹೆಚ್ಚಿದರು. ಚಿತ್ರಗಳಿದ್ದ ಪುಸ್ತಕವನ್ನು ಮುಟ್ಟಿ ನೋಡಬೇಕು, ಮನೆಗೆ ಒಯ್ಯಬೇಕು ಎಂಬ ಆಸೆ ಅವರದು. ಮರದ ನೆರಳು ಸಾಲದೆ ಹೋದಾಗ ಮನೆಯ ಕಾರು ನಿಲ್ಲಿಸುವ ಕೋಣೆಯೇ ಪುಸ್ತಕದ ಕೋಣೆಯಾಯಿತು.

ಅದೂ ಸಾಲದಾಯಿತು. 1992ರಲ್ಲಿ ಹಡಗಿನ ಸರಕು ಸಾಗಿಸುವ 40 ಅಡಿ ಉದ್ದದ ಉಕ್ಕಿನ ಕಂಟೇನರ್ ಒಂದನ್ನು ಅಕ್ರಾದ ಓಸು ಬಡಾವಣೆಯಲ್ಲಿ ಗ್ರಂಥಾಲಯವನ್ನಾಗಿ ಮಾರ್ಪಡಿಸಲಾಯಿತು. ಇಂಥ ಕಂಟೇನರಿನ ಅಗಲ ಬರೀ 8 ಅಡಿ. ನಮ್ಮ ರೈಲ್ವೆ ಬೋಗಿಗಿಂತಲೂ ಕಿರಿದು. ಉಕ್ಕು ಶಾಖವಾಹಕ ಎಂಬುದು ಪ್ರೌಢಶಾಲೆಯ ಮಕ್ಕಳಿಗೆಲ್ಲ ಗೊತ್ತು. ಉಷ್ಣವಲಯದ ಬಿಸಿಲಿಗೆ ಹಾಗೇ ಇಟ್ಟರೆ ಅದು ಒಲೆಯೇ ಆಗುತ್ತದೆ. ಗೋಡೆ ಕೊರೆದು ಕಿಟಕಿ ಬಾಗಿಲು ಇಟ್ಟು, ಗಾಳಿಯಾಡುವಂತೆ ಮಾಡಿ, ಒಳಗೆ ಕಪಾಟು ಕೂರಿಸಿದ ಮೇಲೆ ಸರಕಿನ ಪೆಟ್ಟಿಗೆ ಓದುವ ಮನೆಯಾಯಿತು. ಹಡಗಿನ ಪೆಟ್ಟಿಗೆಗಳಲ್ಲಿ ಏನೇನೋ ಸಾಮಾನು ಬರುತ್ತದೆ. ಇದೊಂದು ಪೆಟ್ಟಿಗೆ ಮಾತ್ರ ಎಲ್ಲಿಗೂ ಹೋಗದೆ ನಿಂತಲ್ಲೇ ನಿಂತು ಮಕ್ಕಳನ್ನು ದೇಶ ಸುತ್ತಿಸಿತು ಎನ್ನಬಹುದು.

ಇಲ್ಲಿಯವರೆಗಿನದು ಉತ್ಸಾಹದ ಕಥೆ. ನಿಜವಾದ ಪರೀಕ್ಷೆ ಬಂದದ್ದು ಆಮೇಲೆ. 1993ರಲ್ಲಿ ನೋಲ್ಸ್ ಕುಟುಂಬ ಘಾನಾ ಬಿಟ್ಟು ಕೆನಡಾಕ್ಕೆ ಮರಳಿ ವಿನ್ನಿಪೆಗ್‌ನಲ್ಲಿ ನೆಲೆಯೂರಿತು. ಆರಂಭಿಸಿದವರೇ ಹೊರಟುಹೋದರೆ ಗ್ರಂಥಾಲಯದ ಗತಿಯೇನು? ಬೀಗ ಬಿದ್ದು, ಕಂಟೇನರ್ ಮತ್ತೆ ಕಂಟೇನರೇ ಆಗಿಬಿಡುವುದು ಲೋಕದ ರೂಢಿ. ಅಲ್ಲಿ ಹಾಗಾಗಲಿಲ್ಲ. ಏಕೆ ಆಗಲಿಲ್ಲ ಎಂಬುದೇ ಈ ಲೇಖನದ ವಿಷಯ.

ಜೋಕಾಲಿ ಹೇಳುವ ಪಾಠ

ನಾಗರಪಂಚಮಿಗೆ ಕಟ್ಟಿದ ಜೋಕಾಲಿಯನ್ನು ನೆನೆಸಿಕೊಳ್ಳಿ. ಒಮ್ಮೆ ಜೋರಾಗಿ ನೂಕಿ ಕೈಬಿಟ್ಟರೆ ಅದು ಎತ್ತರಕ್ಕೆ ಹೋಗುತ್ತದೆ. ಆದರೆ ಪ್ರತಿ ಸುತ್ತಿಗೂ ಎತ್ತರ ಸ್ವಲ್ಪ ಸ್ವಲ್ಪವೇ ತಗ್ಗುತ್ತ ಬಂದು ಕೊನೆಗೆ ನಿಂತುಬಿಡುತ್ತದೆ. ಹಗ್ಗ ಮತ್ತು ಕೊಂಬೆಯ ನಡುವಿನ ಘರ್ಷಣೆ, ಗಾಳಿಯ ತಡೆ, ಇವು ಅದರ ಶಕ್ತಿಯನ್ನು ಕದಿಯುತ್ತವೆ. ಜೋಕಾಲಿ ನಿಲ್ಲದಿರಬೇಕಾದರೆ ದೊಡ್ಡ ನೂಕು ಬೇಕಿಲ್ಲ. ಕಳೆದುಹೋದಷ್ಟೇ ಶಕ್ತಿಯನ್ನು, ಸರಿಯಾದ ಹೊತ್ತಿಗೆ, ಪ್ರತಿ ಸುತ್ತಿಗೂ ತಪ್ಪದೆ ತುಂಬಿದರೆ ಸಾಕು. ಪುಟ್ಟ ತಂಗಿಯೂ ಆ ಕೆಲಸ ಮಾಡಬಲ್ಲಳು. ಗೋಡೆ ಗಡಿಯಾರದ ಲೋಲಕವೂ ಹೀಗೆಯೇ ನಡೆಯುವುದು: ಸುತ್ತಿದ ಸ್ಪ್ರಿಂಗು ಪ್ರತಿ ಓಲಾಟಕ್ಕೂ ಒಂದು ಸಣ್ಣ ತಳ್ಳು ಕೊಡುತ್ತದೆ.

ಗ್ರಂಥಾಲಯಕ್ಕೂ ಘರ್ಷಣೆಯಿದೆ. ಮಕ್ಕಳ ಪುಸ್ತಕ ಹೆಚ್ಚು ಓದಿದಷ್ಟೂ ಬೇಗ ಹರಿಯುತ್ತದೆ. ಹರಿಯದ ಪುಸ್ತಕವೆಂದರೆ ಯಾರೂ ಮುಟ್ಟದ ಪುಸ್ತಕ. ಸಮುದ್ರತೀರದ ತೇವಕ್ಕೆ ಕಾಗದ ಬೂಷ್ಟು ಹಿಡಿಯುತ್ತದೆ, ಗೆದ್ದಲು ಕಪಾಟಿನ ಹಿಂದಿನಿಂದ ಏರಿ ಬರುತ್ತದೆ, ಬೈಂಡಿಂಗಿನ ಅಂಟನ್ನು ತಿನ್ನಲೆಂದೇ ಹುಟ್ಟಿದ ಹುಳುಗಳಿವೆ. ವಿದ್ಯುತ್ ಬಿಲ್ಲು ಬರುತ್ತದೆ, ಮಾಡು ಸೋರುತ್ತದೆ, ಕುರ್ಚಿಯ ಕಾಲು ಮುರಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬಾಗಿಲು ತೆಗೆದು ಕೂರುವವರಿಗೆ ತಿಂಗಳ ಕೊನೆಗೆ ಸಂಬಳ ಬೇಕು. ಇದೆಲ್ಲ ಪ್ರತಿ ತಿಂಗಳೂ ನಡೆಯುವ ಸವಕಳಿ. ಇದನ್ನು ಲೆಕ್ಕಕ್ಕೆ ಹಿಡಿಯದೆ ಉದ್ಘಾಟನೆಯ ದಿನದ ಒಂದೇ ನೂಕನ್ನು ನಂಬಿದ ಗ್ರಂಥಾಲಯಗಳು ಕೆಲವೇ ವರ್ಷಗಳಲ್ಲಿ ಗೋದಾಮುಗಳಾಗುತ್ತವೆ.

ವಿನ್ನಿಪೆಗ್‌ಗೆ ಮರಳಿದ ನೋಲ್ಸ್ ಮಾಡಿದ ಕೆಲಸ ಈ ಸಣ್ಣ ತಳ್ಳುಗಳನ್ನು ಏರ್ಪಡಿಸಿದ್ದು. ‘ಓಸು ಮಕ್ಕಳ ಗ್ರಂಥಾಲಯ ನಿಧಿ’ ಎಂಬ ದತ್ತಿಸಂಸ್ಥೆ ಕೆನಡಾದಲ್ಲಿ ನೋಂದಣಿಯಾಯಿತು. ಸ್ನೇಹಿತರು, ನೆರೆಯವರು, ಶಾಲೆಗಳು, ಅಕ್ರಾವನ್ನು ನಕಾಶೆಯಲ್ಲಷ್ಟೇ ಕಂಡವರು ಹಣ ಕೊಟ್ಟರು. ಇನ್ನು ಕೆಲವರು ಹಣದ ಬದಲು ಸಮಯ ಕೊಟ್ಟರು: ಪುಸ್ತಕಗಳನ್ನು ಆರಿಸುವುದು, ಬೇಡವಾದದ್ದನ್ನು ಬೇರ್ಪಡಿಸುವುದು, ಕಳುಹಿಸಲು ಸಿದ್ಧಮಾಡುವುದು. ಅಲ್ಲಿಂದ ಅವು ಹಡಗಿನ ದಾರಿ ಹಿಡಿದವು. ಬೈಂಡು ಹಾಕುವುದೆಂದರೆ ನಮ್ಮ ಮನೆಗಳಲ್ಲಿ ಜೂನ್ ತಿಂಗಳ ಸಡಗರ. ತೇವ ಮತ್ತು ಧೂಳಿನ ಊರಿನಲ್ಲಿ ಒಂದು ಪಾರದರ್ಶಕ ಹೊದಿಕೆ ಪುಸ್ತಕದ ಆಯುಸ್ಸನ್ನು ಎಷ್ಟು ಹೆಚ್ಚಿಸಬಲ್ಲದೆಂದು ನಮ್ಮ ತಾಯಂದಿರಿಗೆ ಹೇಳಬೇಕಾಗಿಲ್ಲ.

ಆದರೆ ಅಕ್ರಾದಲ್ಲಿ ಬಾಗಿಲು ತೆರೆದವರು ಕೆನಡಾದವರಲ್ಲ, ಘಾನಾದವರು. ಕಥೆ ಓದಿ ಹೇಳಿದವರು, ಪುಸ್ತಕ ಎಣಿಸಿ ಕೊಟ್ಟವರು, ಕೈ ತೊಳೆದು ಬಾ ಎಂದು ಮಕ್ಕಳನ್ನು ಗದರಿದವರು, ದಿನದ ಆಡಳಿತ ನೋಡಿಕೊಂಡವರು ಎಲ್ಲರೂ ಅಲ್ಲಿಯವರೇ. ಹಣ ದೂರದಿಂದ, ಕೈ ಹತ್ತಿರದಿಂದ ಎಂಬ ಈ ಏರ್ಪಾಡು ನಿಂತುಕೊಂಡಿತು. ನಿಮಾ, ಮಾಂಪ್ರೋಬಿ, ನುಂಗ್ವಾ, ಕೊರ್ಲೆ ಗೊನ್ನೊ ಮುಂತಾದ ಬಡಾವಣೆಗಳಲ್ಲೂ ಮುಂದೆ ಗ್ರಂಥಾಲಯಗಳು ತಲೆಯೆತ್ತಿದವು. ನಿಮಾ ಎಂದರೆ ಉತ್ತರ ಭಾಗದಿಂದ ಕೆಲಸ ಹುಡುಕಿ ಬಂದವರು ಕಿಕ್ಕಿರಿದು ವಾಸಿಸುವ ಜಾಗ. ಮನೆಯಲ್ಲಿ ಓದಲು ಮೂಲೆಯೂ ಇಲ್ಲದ ಮಕ್ಕಳಿಗೆ ಅಲ್ಲಿ ಬೆಳಕು, ಬೆಂಚು, ಮೌನ ಮೂರೂ ಸಿಕ್ಕವು. ನಾಟಕ, ನೃತ್ಯ, ಡೋಲುಗಳೂ ಜೊತೆಗೆ ಬಂದವು. ಓದು ಬಾರದ ದೊಡ್ಡವರಿಗೆ ಅಕ್ಷರ ಕಲಿಸುವ ತರಗತಿಗಳೂ ನಡೆದವು. ಈ ಕಥೆಯನ್ನು ಡೆಬೊರಾ ಕೌಲಿ ಎಂಬ ಲೇಖಕಿ 2013ರಲ್ಲಿ ಒಂದು ಪುಸ್ತಕವಾಗಿಯೇ ಬರೆದರು. ‘ಗ್ರಂಥಾಲಯದ ಮರ’ ಎಂಬ ಅರ್ಥದ ಹೆಸರು ಅದಕ್ಕೆ.

ಕಾರ್ನೆಗಿಯ ಷರತ್ತು

ದೂರದಿಂದ ಗ್ರಂಥಾಲಯಕ್ಕೆ ನೆರವಾದವರಲ್ಲಿ ನೋಲ್ಸ್ ಮೊದಲಿಗರೇನೂ ಅಲ್ಲ. ನೂರು ವರ್ಷಕ್ಕೂ ಹಿಂದೆ ಅಮೆರಿಕದ ಉಕ್ಕಿನ ದೊರೆ ಆ್ಯಂಡ್ರೂ ಕಾರ್ನೆಗಿ ಇದೇ ಕೆಲಸವನ್ನು ಅತಿ ದೊಡ್ಡ ಪ್ರಮಾಣದಲ್ಲಿ ಮಾಡಿದ್ದ. 1835ರಲ್ಲಿ ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್‌ನಲ್ಲಿ ನೇಕಾರನ ಮಗನಾಗಿ ಹುಟ್ಟಿದ ಆತ 1848ರಲ್ಲಿ ತಂದೆತಾಯಿಯರೊಂದಿಗೆ ಅಮೆರಿಕಕ್ಕೆ ಹೋದ. ಹತ್ತಿ ಗಿರಣಿಯಲ್ಲಿ ವಾರಕ್ಕೆ ಒಂದು ಡಾಲರು ಇಪ್ಪತ್ತು ಸೆಂಟಿನ ಕೂಲಿಗೆ ದುಡಿದ. ಆ ಊರಿನಲ್ಲಿ ಕರ್ನಲ್ ಆ್ಯಂಡರ್ಸನ್ ಎಂಬ ಸಜ್ಜನ ತನ್ನ ಸ್ವಂತ ಪುಸ್ತಕಗಳನ್ನು ದುಡಿಯುವ ಹುಡುಗರಿಗೆ ಶನಿವಾರಗಳಂದು ಎರವಲು ಕೊಡುತ್ತಿದ್ದ. ಆ ಪುಸ್ತಕಗಳ ಋಣವನ್ನು ಕಾರ್ನೆಗಿ ಕೊನೆಯವರೆಗೂ ಮರೆಯಲಿಲ್ಲ.

ಶ್ರೀಮಂತನಾದ ಮೇಲೆ ಅವನ ಮೊದಲ ಗ್ರಂಥಾಲಯ 1883ರಲ್ಲಿ ತೆರೆದದ್ದು ಅಟ್ಲಾಂಟಿಕ್ ಸಾಗರದ ಆಚೆಯ ಹುಟ್ಟೂರಿನಲ್ಲಿ. 1929ರ ವೇಳೆಗೆ ಅವನ ಹಣದಿಂದ ಜಗತ್ತಿನಲ್ಲಿ 2,509 ಗ್ರಂಥಾಲಯಗಳು ಎದ್ದಿದ್ದವು. ಈ ಸಂಖ್ಯೆಗಿಂತ ನಮಗೆ ಮುಖ್ಯವಾದದ್ದು ಅವನು ಹಾಕುತ್ತಿದ್ದ ಷರತ್ತು. ಕಟ್ಟಡಕ್ಕೆ ಹಣ ನಾನು ಕೊಡುತ್ತೇನೆ. ಜಾಗ ನೀವು ಕೊಡಬೇಕು. ನಾನು ಕೊಟ್ಟ ಹಣದ ನೂರಕ್ಕೆ ಹತ್ತರಷ್ಟನ್ನು ಪ್ರತಿ ವರ್ಷ ಊರಿನ ಆಡಳಿತವೇ ಗ್ರಂಥಾಲಯದ ಖರ್ಚಿಗೆ ಎತ್ತಿಡಬೇಕು ಎಂಬುದು ಆ ಷರತ್ತಿನ ಸಾರ. ಹತ್ತು ಸಾವಿರ ಡಾಲರು ಬೇಕೆಂದರೆ ವರ್ಷಕ್ಕೆ ಒಂದು ಸಾವಿರ ಡಾಲರಿನ ಭರವಸೆ ಕೊಡಬೇಕು. ಅದು ತಮ್ಮಿಂದಾಗದು ಎಂದು ಹಿಂದೆ ಸರಿದ ಊರುಗಳೂ ಇದ್ದವು.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎನ್ನುತ್ತಾರೆ ನಮ್ಮ ಹಿರಿಯರು. ಅದಕ್ಕೆ ‘ಗ್ರಂಥಾಲಯ ನಡೆಸಿ ನೋಡು’ ಎಂದೂ ಸೇರಿಸಬಹುದು. ಕಟ್ಟುವುದು ಒಂದು ವರ್ಷದ ಕೆಲಸ, ನಡೆಸುವುದು ನೂರು ವರ್ಷದ ಕೆಲಸ ಎಂಬ ತಿಳಿವಳಿಕೆ ಆ ವ್ಯಾಪಾರಿಗೆ ಇತ್ತು. ಕಾರ್ನೆಗಿ ಮೊದಲ ನೂಕನ್ನು ತಾನು ಕೊಟ್ಟು, ಮುಂದಿನ ಸಣ್ಣ ತಳ್ಳುಗಳನ್ನು ಊರಿಗೆ ಬಿಟ್ಟ. ತೆರಿಗೆ ಕಟ್ಟಬಲ್ಲ ಊರುಗಳಲ್ಲಿ ಅದು ಸರಿ. ಊರೇ ಬಡವಾಗಿದ್ದರೆ? ಆಗ ಸಣ್ಣ ತಳ್ಳುಗಳೂ ದೂರದಿಂದ ಬರಬೇಕಾಗುತ್ತದೆ. ಓಸು ಗ್ರಂಥಾಲಯದಲ್ಲಿ ಆದದ್ದು ಇದು.

‘ಎಂದಾದರೂ ಒಂದು ದಿನ ಗ್ರಂಥಾಲಯ ತನ್ನ ಕಾಲ ಮೇಲೆ ತಾನೇ ನಿಲ್ಲಬೇಡವೇ?’ ಎಂದು ಕೆಲವು ಪಾಲಕರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಮಕ್ಕಳ ಗ್ರಂಥಾಲಯ ಸರಕು ಮಾರುವುದಿಲ್ಲ, ಲಾಭ ಗಳಿಸುವುದಿಲ್ಲ; ಚಂದಾ ಕೇಳಿದರೆ ಯಾರಿಗೆ ಅದು ಅತ್ಯಗತ್ಯವೋ ಆ ಮಕ್ಕಳೇ ಹೊರಗುಳಿಯುತ್ತಾರೆ. ಲಂಡನ್ನಿನ ಗ್ರಂಥಾಲಯವಾಗಲಿ ನ್ಯೂಯಾರ್ಕಿನದಾಗಲಿ ತನ್ನ ಕಾಲ ಮೇಲೆ ತಾನು ನಿಂತಿಲ್ಲ; ಜನರ ತೆರಿಗೆಯ ಮೇಲೆ, ದಾನಿಗಳ ದತ್ತಿಯ ಮೇಲೆ ನಿಂತಿದೆ. ಘರ್ಷಣೆಯಿಲ್ಲದ ಜೋಕಾಲಿ ಹೇಗೆ ಇಲ್ಲವೋ, ಹೊರಗಿನ ನೆರವಿಲ್ಲದ ಮಕ್ಕಳ ಗ್ರಂಥಾಲಯವೂ ಹಾಗೆ ಇಲ್ಲ. ತಳ್ಳುವ ಕೈ ಯಾರದು, ಅದು ಎಷ್ಟು ದಿನ ಇರುತ್ತದೆ ಎಂಬುದಷ್ಟೇ ಪ್ರಶ್ನೆ.

ಯಾವ ಪುಸ್ತಕ, ಯಾರ ಪುಸ್ತಕ?

ದೂರದ ನೆರವಿನಲ್ಲಿ ಒಂದು ಅಪಾಯವಿದೆ. ಮನೆ ಖಾಲಿ ಮಾಡುವಾಗ ರದ್ದಿಗೆ ಹಾಕಲು ಮನಸ್ಸಾಗದ ಪುಸ್ತಕಗಳನ್ನೆಲ್ಲ ಗಂಟು ಕಟ್ಟಿ ‘ಬಡ ಮಕ್ಕಳಿಗೆ’ ಎಂದು ಕಳುಹಿಸುವುದು ಕೊಡುವವರಿಗೆ ಸುಲಭ. ಪಡೆಯುವವರಿಗೆ ಅದೇ ಹೊರೆ. ಮಕ್ಕಳ ಪುಸ್ತಕವೊಂದು ಸರಾಸರಿ ಕಾಲು ಕಿಲೋ ತೂಗುತ್ತದೆ ಎಂದಿಟ್ಟುಕೊಳ್ಳೋಣ. ಸಾವಿರ ಪುಸ್ತಕವೆಂದರೆ 250 ಕಿಲೋ. ಇದನ್ನು ಸಾಗರ ದಾಟಿಸಿ, ಬಂದರಿನಲ್ಲಿ ಬಿಡಿಸಿಕೊಂಡು, ಲಾರಿಯಲ್ಲಿ ತಂದು ಇಳಿಸಿದ ಮೇಲೆ ಅರ್ಧದಷ್ಟು ಹಳೆಯ ಪಠ್ಯಪುಸ್ತಕ, ಹರಿದ ವಾರಪತ್ರಿಕೆ, ಹಿಂದಿನ ಶತಮಾನದ ವಿಶ್ವಕೋಶ ಎಂದಾದರೆ ಖರ್ಚೂ ವ್ಯರ್ಥ, ಜಾಗವೂ ವ್ಯರ್ಥ. ವಿಜ್ಞಾನದ ಪುಸ್ತಕಗಳಲ್ಲಂತೂ ಇದು ಇನ್ನೂ ಕೆಡುಕು. ಪ್ಲೂಟೊವನ್ನು 2006ರಲ್ಲಿ ಗ್ರಹಗಳ ಪಟ್ಟಿಯಿಂದ ಕೈಬಿಟ್ಟರು. ಅದಕ್ಕೆ ಹಿಂದಿನ ಪುಸ್ತಕವನ್ನು ಓದಿದ ಮಗು ಇಂದಿಗೂ ಒಂಬತ್ತು ಗ್ರಹ ಎಂದೇ ಬರೆಯುತ್ತದೆ.

ಇನ್ನೊಂದು ಸೂಕ್ಷ್ಮವಾದ ತೊಂದರೆಯೂ ಇದೆ. ಎಲ್ಲ ಪುಸ್ತಕಗಳೂ ದೂರದಿಂದಲೇ ಬಂದರೆ ಅದರಲ್ಲಿನ ಮಕ್ಕಳೂ ದೂರದವರೇ ಆಗಿರುತ್ತಾರೆ. ಹಿಮದ ಗೊಂಬೆ ಮಾಡುವ, ಓಕ್ ಮರ ಹತ್ತುವ, ಚೆರ್‍ರಿ ಹಣ್ಣು ತಿನ್ನುವ ಮಕ್ಕಳು. ಪರರ ಲೋಕವನ್ನು ನೋಡುವುದು ಒಳ್ಳೆಯದೇ; ಆದರೆ ಪುಸ್ತಕದಲ್ಲಿ ತನ್ನಂಥವರು ಎಂದೂ ಕಾಣದಿದ್ದರೆ, ಪುಸ್ತಕವೆಂಬುದು ತನಗೆ ಸೇರಿದ್ದಲ್ಲ ಎಂಬ ಭಾವನೆ ಮಗುವಿನಲ್ಲಿ ಮೌನವಾಗಿ ಬೇರೂರುತ್ತದೆ. ಮೈಸೂರು ಮಲ್ಲಿಗೆ ಕಂಡ ಮಗುವಿಗೆ ಡ್ಯಾಫೊಡಿಲ್ ಹೂವನ್ನಷ್ಟೇ ಓದಿಸಿದ ಹಾಗೆ.

ಓಸು ನಿಧಿಯವರು ಇದಕ್ಕೆ ಕಂಡುಕೊಂಡ ಪರಿಹಾರ ಪುಸ್ತಕಗಳನ್ನು ತಾವೇ ತಯಾರಿಸುವುದು. ಘಾನಾದ ಮಕ್ಕಳ, ಸಂತೆಯ, ಮಣಿಸರದ, ಬಟ್ಟೆಯ, ಊಟದ ಛಾಯಾಚಿತ್ರಗಳನ್ನಿಟ್ಟು ಬಣ್ಣ, ಅಂಕಿ, ಅಕ್ಷರ ಕಲಿಸುವ ಸರಳ ಪುಸ್ತಕಗಳು ಬಂದವು. ಘಾನಾದ ಪ್ರಕಾಶಕರೂ ಹಿಂದೆ ಬೀಳಲಿಲ್ಲ. ಅಲ್ಲಿಯ ಲೇಖಕ, ಚಿತ್ರಕಾರ ಮೆಶಾಕ್ ಅಸಾರೆ ಅವರು ನಡೆಯಲಾಗದ ಹುಡುಗನೊಬ್ಬ ಡೋಲು ಬಾರಿಸಿ ಊರನ್ನು ಎಚ್ಚರಿಸಿದ ಕಥೆಯನ್ನು ಬರೆದರು. ‘ಸೋಸುವಿನ ಕರೆ’ ಎಂಬ ಅರ್ಥದ ಹೆಸರಿನ ಆ ಪುಸ್ತಕ ಅಕ್ರಾದಲ್ಲೇ ಪ್ರಕಟವಾಗಿ 1999ರಲ್ಲಿ ಯುನೆಸ್ಕೊ ಬಹುಮಾನ ಪಡೆಯಿತು. ದೂರದವರ ಹಣ ಇಂಥ ಪುಸ್ತಕಗಳನ್ನು ಕೊಳ್ಳಲು ಬಳಕೆಯಾದರೆ ಒಂದೇ ಕಲ್ಲಿಗೆ ಎರಡು ಹಣ್ಣು: ಮಗುವಿಗೆ ತನ್ನ ಊರಿನ ಕಥೆ, ಊರಿನ ಲೇಖಕನಿಗೆ ಓದುಗ.

ಊರಿಗೆ ಮರಳಿದ ಗ್ರಂಥಪಾಲಕ

ಆಫ್ರಿಕಾದ ಇನ್ನೊಂದು ಅಂಚಿನಲ್ಲಿ, ಇಥಿಯೋಪಿಯಾದಲ್ಲಿ, ಇದೇ ಪಾಠವನ್ನು ಇನ್ನೊಬ್ಬರು ಬೇರೆ ದಾರಿಯಲ್ಲಿ ಕಲಿತರು. ಯೋಹಾನ್ನೆಸ್ ಗೆಬ್ರೆಗಿಯೋರ್ಗಿಸ್ ಆ ದೇಶದ ದಕ್ಷಿಣ ಭಾಗದ ನೆಗೆಲೆ ಬೊರಾನಾ ಎಂಬ ಊರಿನವರು. ಪಠ್ಯವಲ್ಲದ ಪುಸ್ತಕವೊಂದು ಮೊದಲ ಬಾರಿಗೆ ಅವರ ಕೈಗೆ ಬಂದದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಅದೇನೂ ಮಹಾಕಾವ್ಯವಲ್ಲ, ಒಂದು ಸಾಧಾರಣ ಪ್ರೇಮ ಕಾದಂಬರಿ. ಆದರೂ ಅದೇ ಅವರ ಓದಿನ ಬಾಗಿಲನ್ನು ತೆರೆಯಿತು. ದೇಶದಲ್ಲಿ ರಾಜಕೀಯ ದಬ್ಬಾಳಿಕೆ ಹೆಚ್ಚಿದಾಗ ಅವರು ನಿರಾಶ್ರಿತರಾಗಿ ಅಮೆರಿಕ ಸೇರಿದರು. ಗ್ರಂಥಾಲಯ ವಿಜ್ಞಾನ ಓದಿದರು. ಸ್ಯಾನ್‌ಫ್ರಾನ್ಸಿಸ್ಕೊ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಮಕ್ಕಳ ವಿಭಾಗದ ಗ್ರಂಥಪಾಲಕರಾದರು.

ಬೇರೆ ಬೇರೆ ಭಾಷೆಗಳ ಮಕ್ಕಳ ಪುಸ್ತಕಗಳನ್ನು ತರಿಸುವ ಕೆಲಸ ಅವರ ಪಾಲಿಗೆ ಬಂತು. ಜಗತ್ತಿನ ಎಷ್ಟೋ ಭಾಷೆಗಳಲ್ಲಿ ಪುಸ್ತಕಗಳು ಸಿಕ್ಕವು. ತನ್ನ ನಾಡಿನ ಅಮ್ಹಾರಿಕ್ ಭಾಷೆಯಲ್ಲಿ ಮಾತ್ರ ಸಿಗಲಿಲ್ಲ. ಸ್ವಂತ ಲಿಪಿ, ಶತಮಾನಗಳ ಬರಹದ ಪರಂಪರೆ ಇರುವ ಭಾಷೆಗೆ ಈ ಗತಿ. ಆ ಕೊರತೆ ಅವರನ್ನು ಕಾಡಿತು. ಇಥಿಯೋಪಿಯಾದಲ್ಲಿ ಬಾಲ್ಯ ಕಳೆದಿದ್ದ ಅಮೆರಿಕದ ಮಕ್ಕಳ ಲೇಖಕಿ ಜೇನ್ ಕರ್ಟ್ಸ್ ಅವರೊಡನೆ ಸೇರಿ 1998ರಲ್ಲಿ ಒಂದು ಸಂಸ್ಥೆ ಹುಟ್ಟುಹಾಕಿದರು. ಅದೇ ಮುಂದೆ ‘ಇಥಿಯೋಪಿಯಾ ರೀಡ್ಸ್’ ಎಂದು ಹೆಸರಾಯಿತು. ಜಾನಪದ ಕಥೆಯೊಂದನ್ನು ಅಮ್ಹಾರಿಕ್ ಮತ್ತು ಇಂಗ್ಲಿಷ್ ಎರಡರಲ್ಲೂ ಬಣ್ಣದ ಚಿತ್ರಗಳೊಡನೆ ಅಚ್ಚು ಮಾಡಿಸಿ, ಅದರ ಮಾರಾಟದ ಹಣವನ್ನು ಗ್ರಂಥಾಲಯದ ಕೆಲಸಕ್ಕೆ ಸೇರಿಸಿದರು.

2002ರಲ್ಲಿ ಯೋಹಾನ್ನೆಸ್ ಅಮೆರಿಕದ ನೌಕರಿ ಬಿಟ್ಟು ತಾಯ್ನಾಡಿಗೆ ಹಿಂದಿರುಗಿದರು. ಜೊತೆಗೆ ಬಂದದ್ದು ಸ್ಯಾನ್‌ಫ್ರಾನ್ಸಿಸ್ಕೊದ ಗ್ರಂಥಾಲಯ ಕೊಟ್ಟ ಸುಮಾರು 15,000 ಪುಸ್ತಕಗಳು. 2003ರಲ್ಲಿ ರಾಜಧಾನಿ ಅಡಿಸ್ ಅಬಾಬಾದ ಶೋಲಾ ಎಂಬಲ್ಲಿ ತಾವು ವಾಸವಿದ್ದ ಮನೆಯನ್ನೇ ಮಕ್ಕಳ ಗ್ರಂಥಾಲಯ ಮಾಡಿದರು. ಮನೆ ತುಂಬಿ, ಅಂಗಳದಲ್ಲಿ ಡೇರೆ ಹಾಕಿ ಕೂರಿಸುವಷ್ಟು ಮಕ್ಕಳು ಬಂದರು. ರಸ್ತೆಯಿಲ್ಲದ ಹಳ್ಳಿಗಳ ಮಕ್ಕಳಿಗಾಗಿ 2005ರಲ್ಲಿ ಅವಾಸಾ ಊರಿನಲ್ಲಿ ಕತ್ತೆಗಾಡಿಯ ಸಂಚಾರಿ ಗ್ರಂಥಾಲಯ ಹೊರಟಿತು. ಗಾಡಿಯ ಎರಡೂ ಬದಿಗೆ ಪುಸ್ತಕದ ಕಪಾಟು. ಮರದ ನೆರಳಿನಲ್ಲಿ ಗಾಡಿ ನಿಂತರೆ ಅದೇ ಓದುವ ಮನೆ. ನಮ್ಮಲ್ಲಿ ಕತ್ತೆ ಎಂದರೆ ಬೈಗುಳ. ಅಲ್ಲಿಯ ಮಕ್ಕಳಿಗೆ ಕತ್ತೆ ಬಂತೆಂದರೆ ಕಥೆ ಬಂತು ಎಂದರ್ಥ.

ಇಲ್ಲಿ ಗಮನಿಸಬೇಕಾದದ್ದು ಅಮೆರಿಕದ ದಾನಿಗಳ ಪಾತ್ರ. ಊರೂರಿನ ಓದುಗರು, ಲೇಖಕರು, ಇಥಿಯೋಪಿಯಾದ ಮಕ್ಕಳನ್ನು ದತ್ತು ಪಡೆದಿದ್ದ ಕುಟುಂಬಗಳು ಕೈಜೋಡಿಸಿದವು. ಶಾಲಾಮಕ್ಕಳೂ ನಿಧಿ ಕೂಡಿಸಿದರು. ಅವರಲ್ಲಿ ಬಹುತೇಕರು ಆ ಕತ್ತೆಗಾಡಿಯನ್ನು ಕಣ್ಣಾರೆ ಕಂಡಿರಲಾರರು. ಆದರೆ ಯಾವ ಹಳ್ಳಿಗೆ ಗಾಡಿ ಹೋಗಬೇಕು, ಯಾವ ಕಥೆ ಓದಬೇಕು, ಯಾವ ಭಾಷೆಯಲ್ಲಿ ಓದಬೇಕು ಎಂಬ ಅರಿವು ಇದ್ದದ್ದು ಆ ನೆಲದವರಿಗೆ. ದೂರದವರು ಶಕ್ತಿ ಕೊಡಬಹುದು. ದಿಕ್ಕನ್ನು ಹತ್ತಿರದವರೇ ಕೊಡಬೇಕು.

ನೂರು ಜನರ ನೂರು ರೂಪಾಯಿ

ಈಗ ಒಂದು ಲೆಕ್ಕ ಮಾಡೋಣ. ಇದು ಕಲ್ಪನೆಯ ಲೆಕ್ಕ. ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಮಾಡಿ ನೋಡಲಿ. ಒಂದು ಪುಟ್ಟ ಮಕ್ಕಳ ಗ್ರಂಥಾಲಯಕ್ಕೆ ತಿಂಗಳಿಗೆ 20,000 ರೂಪಾಯಿ ಖರ್ಚು ಎಂದುಕೊಳ್ಳಿ. ಒಬ್ಬ ಶ್ರೀಮಂತ ದಾನಿ ವರ್ಷಕ್ಕೊಮ್ಮೆ 2,40,000 ರೂಪಾಯಿ ಕೊಟ್ಟರೆ ಲೆಕ್ಕ ಸರಿಹೋಯಿತು. 200 ಜನ ತಿಂಗಳಿಗೆ ನೂರು ರೂಪಾಯಿಯಂತೆ ಕೊಟ್ಟರೂ ಲೆಕ್ಕ ಸರಿಹೋಯಿತು. ಮೊತ್ತ ಒಂದೇ. ಆದರೆ ಎರಡೂ ಒಂದೇ ಅಲ್ಲ.

ಶ್ರೀಮಂತ ದಾನಿಗೆ ವ್ಯಾಪಾರದಲ್ಲಿ ನಷ್ಟವಾದರೆ, ಅಥವಾ ಅವರ ಮನಸ್ಸು ಬೇರೆ ಕಡೆಗೆ ತಿರುಗಿದರೆ, ಗ್ರಂಥಾಲಯದ ಆದಾಯ ಒಂದೇ ದಿನದಲ್ಲಿ ಸೊನ್ನೆ. ಇನ್ನೂರು ಜನರಲ್ಲಿ ಹತ್ತು ಮಂದಿ ಬಿಟ್ಟುಹೋದರೆ ಆದಾಯ ಕುಗ್ಗುವುದು ನೂರಕ್ಕೆ ಐದು ಮಾತ್ರ. ಒಂದು ತಿಂಗಳು ಹೊಸ ಪುಸ್ತಕ ಕೊಳ್ಳದೆ ಸುಧಾರಿಸಿಕೊಳ್ಳಬಹುದು. ಸಂಬಳ ನಿಲ್ಲುವುದಿಲ್ಲ, ಬಾಗಿಲು ಮುಚ್ಚುವುದಿಲ್ಲ. ಒಂದೇ ದಪ್ಪ ತಂತಿಗಿಂತ ನೂರು ಎಳೆ ಹೊಸೆದ ಹಗ್ಗ ನಂಬಿಕಸ್ಥ. ಒಂದೆಳೆ ಹರಿದರೂ ಭಾರ ಬೀಳದು. ‘ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ’ ಎಂಬ ಗಾದೆ ಹಣ ಸೇರಿಸುವುದಕ್ಕಷ್ಟೇ ಹೇಳಿದ್ದಲ್ಲ. ಹಾಗೆ ಕೂಡಿದ ಹಳ್ಳ ಬೇಗ ಬತ್ತುವುದಿಲ್ಲ ಎಂಬ ಮಾತೂ ಅದರಲ್ಲಿ ಅಡಗಿದೆ.

ದೂರದಿಂದ ಕೊಡುವವರು ಕಳೆದುಕೊಳ್ಳುವುದು ಒಂದುಂಟು: ತಾವು ಕೊಟ್ಟದ್ದು ಏನಾಯಿತೆಂದು ಕಣ್ಣಾರೆ ನೋಡುವ ಸುಖ. ಅದಕ್ಕಾಗಿ ಲೆಕ್ಕಪತ್ರ ಬೇಕು. ಎಷ್ಟು ಹಣ ಬಂತು, ಎಷ್ಟು ಸಂಬಳಕ್ಕೆ ಹೋಯಿತು, ಎಷ್ಟು ಪುಸ್ತಕ ಕೊಂಡೆವು, ಎಷ್ಟು ಕಳೆದವು, ಯಾವುದು ಹೆಚ್ಚು ಓದಿಸಿಕೊಂಡಿತು ಎಂದು ವರ್ಷಕ್ಕೊಮ್ಮೆ ಬಿಚ್ಚಿ ಹೇಳುವ ನಾಲ್ಕು ಪುಟದ ವರದಿ, ದಾನಿಯ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುವುದಕ್ಕಿಂತ ಹೆಚ್ಚು ಗೌರವ ತರುತ್ತದೆ. ಅದೇ ಹೊತ್ತಿಗೆ ಮಕ್ಕಳ ಮರ್ಯಾದೆಯನ್ನೂ ಕಾಯಬೇಕು. ಸಾಲಾಗಿ ನಿಲ್ಲಿಸಿ, ಕೈಗೆ ಪುಸ್ತಕ ಕೊಟ್ಟು, ದಾನಿಗೆ ನಮಸ್ಕಾರ ಮಾಡಿಸಿ ಫೋಟೊ ತೆಗೆಸುವ ಪದ್ಧತಿ ಒಳ್ಳೆಯದಲ್ಲ. ಗ್ರಂಥಾಲಯಕ್ಕೆ ಬರುವ ಮಗು ಭಿಕ್ಷೆಗೆ ಬಂದದ್ದಲ್ಲ, ಓದಲು ಬಂದದ್ದು.

ನಮ್ಮ ಊರಿನ ಬಾಗಿಲು

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎನಿಸಿದ ಎಸ್. ಆರ್. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದವರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳನ್ನು ಗ್ರಂಥಾಲಯ ವಿಜ್ಞಾನ ಕಲಿಯುವವರು ಇಂದಿಗೂ ಓದುತ್ತಾರೆ. ಅವುಗಳಲ್ಲಿ ಐದನೆಯದು ಗ್ರಂಥಾಲಯವನ್ನು ಬೆಳೆಯುವ ಜೀವಿಗೆ ಹೋಲಿಸುತ್ತದೆ. ಜೀವಶಾಸ್ತ್ರ ಓದಿದವರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ಜೀವಿಗೆ ಒಂದೇ ಸಲ ಹೊಟ್ಟೆತುಂಬ ಉಣ್ಣಿಸಿ ವರ್ಷವಿಡೀ ಬಿಡಲಾಗದು. ದಿನದ ತುತ್ತು ದಿನಕ್ಕೆ ಬೇಕು.

ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವವನ್ನು ಉಚಿತ ಮಾಡಲಾಯಿತು. ಅಂದರೆ ಕಟ್ಟಡ, ಬಾಗಿಲು, ಬಾಗಿಲು ತೆರೆಯುವ ಮೇಲ್ವಿಚಾರಕರು ಹಲವು ಊರುಗಳಲ್ಲಿ ಈಗಾಗಲೇ ಇದ್ದಾರೆ. ಇಲ್ಲಿಂದ ಹೊರಟು ಬೆಂಗಳೂರು, ಮುಂಬಯಿ, ದುಬೈ, ಅಮೆರಿಕ ಸೇರಿದ ಮಕ್ಕಳೂ ಪ್ರತಿ ಊರಿನಲ್ಲೂ ಇದ್ದಾರೆ. ಜಾತ್ರೆಗೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಅವರು ತಪ್ಪದೆ ಹಣ ಕಳುಹಿಸುತ್ತಾರೆ. ಊರಿನ ಗ್ರಂಥಾಲಯಕ್ಕೂ ಕಳುಹಿಸಿ ಎಂದು ಕೇಳಿದವರು ಕಡಿಮೆ.

ಕೇಳುವ ಕ್ರಮವೂ ಮುಖ್ಯ. ‘ಪುಸ್ತಕ ಕಳುಹಿಸಿ’ ಎಂದು ಬರೆದರೆ ಏನೇನೋ ಬರುತ್ತದೆ. ಅದರ ಬದಲು ಮಕ್ಕಳೇ ಕೂತು ಪಟ್ಟಿ ಮಾಡಲಿ: ನಮಗೆ ಹಕ್ಕಿಗಳ ಪುಸ್ತಕ ಬೇಕು, ನಕ್ಷತ್ರ ನೋಡುವ ಪುಸ್ತಕ ಬೇಕು, ಚಿತ್ರವಿರುವ ಕನ್ನಡ ಕಥೆ ಬೇಕು, ಗ್ಲೋಬು ಬೇಕು. ಮೇಲ್ವಿಚಾರಕರ ಒಪ್ಪಿಗೆ ಪಡೆದು ಆ ಪಟ್ಟಿ ಊರಿನಿಂದ ದೂರವಿರುವ ಹಿರಿಯರಿಗೆ ಹೋಗಲಿ. ಪುಸ್ತಕ ಬಂದ ಮೇಲೆ ‘ವಂದನೆಗಳು’ ಎಂದಷ್ಟೇ ಬರೆಯದೆ, ಅದರಲ್ಲಿ ಓದಿದ್ದೇನು, ಇಷ್ಟವಾದದ್ದೇನು, ಅರ್ಥವಾಗದ್ದೇನು ಎಂದು ಒಂದು ಪುಟ ಪತ್ರ ಬರೆಯಲಿ. ಅಂಥ ಪತ್ರ ಓದಿದವರು ಮುಂದಿನ ಸಲ ಕೇಳಿಸಿಕೊಳ್ಳುವ ಮೊದಲೇ ಕೊಡುತ್ತಾರೆ.

ಪಾಲಕರಿಗೂ ಒಂದು ಮಾತು. ದೂರದವರು ಎಷ್ಟೇ ಕಳುಹಿಸಿದರೂ ಸಂಜೆ ನಾಲ್ಕೂವರೆಗೆ ಮಗುವನ್ನು ಗ್ರಂಥಾಲಯಕ್ಕೆ ಕಳುಹಿಸುವವರು ನೀವೇ. ಬೈಂಡು ಹರಿದ ಪುಸ್ತಕಕ್ಕೆ ಅಂಟು ಹಚ್ಚಲು, ಭಾನುವಾರ ಒಂದು ಗಂಟೆ ಚಿಕ್ಕ ಮಕ್ಕಳಿಗೆ ಕಥೆ ಓದಿ ಹೇಳಲು ಹಣ ಬೇಕಿಲ್ಲ. ಮಗು ಹೋಗದ ಗ್ರಂಥಾಲಯಕ್ಕೆ ವಿನ್ನಿಪೆಗ್‌ನವರೂ ನೆರವಾಗಲಾರರು, ವಿಧಾನಸೌಧದವರೂ ನೆರವಾಗಲಾರರು.

ನಿಮ್ಮ ಊರಿನ ಗ್ರಂಥಾಲಯ ಈ ವಾರ ಎಷ್ಟು ಹೊತ್ತು ತೆರೆದಿತ್ತು, ಎಷ್ಟು ಮಕ್ಕಳು ಬಂದಿದ್ದರು ಎಂದು ಒಮ್ಮೆ ಹೋಗಿ ವಿಚಾರಿಸಿ. ದೂರದ ನಂಟರಿಗೆ ಪತ್ರ ಬರೆಯಲು ಆ ಎರಡು ಅಂಕಿಗಳು ಸಾಕು.